ಜೈಲಿನೊಳಗಿನ ಹಲ್ಲುನೋವು: ಕೈದಿಗಳ ಬಾಯಿಯ ಆರೋಗ್ಯ ಯಾಕೆ ಹದಗೆಡುತ್ತದೆ?

ರಾತ್ರಿ ಹೊತ್ತು ಹಲ್ಲುನೋವು ಶುರುವಾದರೆ ನಾವೇನು ಮಾಡುತ್ತೇವೆ? ಲವಂಗ ಕಚ್ಚಿಕೊಳ್ಳುತ್ತೇವೆ, ಉಪ್ಪುನೀರು ಮುಕ್ಕಳಿಸುತ್ತೇವೆ, ಮನೆಯಲ್ಲಿರುವ ನೋವಿನ ಮಾತ್ರೆ ಹುಡುಕುತ್ತೇವೆ. ಬೆಳಗಾಗುತ್ತಿದ್ದಂತೆ ಹತ್ತಿರದ ದಂತವೈದ್ಯರ ಬಳಿ ಹೋಗುತ್ತೇವೆ. ಇದೇ ನೋವು ಜೈಲಿನ ಬ್ಯಾರಕ್‌ನಲ್ಲಿ ಮಲಗಿರುವವರಿಗೆ ಬಂದರೆ? ಸಂಜೆಯೇ ಬೀಗ ಬಿದ್ದಿರುತ್ತದೆ. ಲವಂಗವೂ ಇಲ್ಲ, ಮಾತ್ರೆಯೂ ಇಲ್ಲ. ಬೆಳಿಗ್ಗೆ ಜೈಲಿನ ವೈದ್ಯರನ್ನು ಕಾಣಬಹುದು, ಆದರೆ ಅವರು ದಂತವೈದ್ಯರಲ್ಲದಿರಬಹುದು. ಹೊರಗಿನ ಆಸ್ಪತ್ರೆಗೆ ಹೋಗಬೇಕಾದರೆ ಬೆಂಗಾವಲು ಪೊಲೀಸರು ಬೇಕು, ಅದಕ್ಕೆ ದಿನ ಕಾಯಬೇಕು.

ಕೈದಿಗಳ ಆರೋಗ್ಯದ ಮಾತು ಬಂದಾಗ ಕ್ಷಯ, ಎಚ್‌ಐವಿ, ಮಾನಸಿಕ ಕಾಯಿಲೆಗಳ ಬಗ್ಗೆ ಚರ್ಚೆಯಾಗುತ್ತದೆ. ಹಲ್ಲಿನ ವಿಷಯ ಅಷ್ಟಾಗಿ ಬರುವುದಿಲ್ಲ. ಆದರೆ ಜಗತ್ತಿನ ಬೇರೆ ಬೇರೆ ದೇಶಗಳಲ್ಲಿ ನಡೆದ ಅಧ್ಯಯನಗಳು ಒಂದೇ ಮಾತು ಹೇಳುತ್ತವೆ: ಜೈಲಿನಲ್ಲಿರುವವರ ಬಾಯಿಯ ಸ್ಥಿತಿ ಹೊರಗಿನವರಿಗಿಂತ ಕೆಟ್ಟದಾಗಿರುತ್ತದೆ. ಇದಕ್ಕೆ ಕಾರಣ ಕೈದಿಗಳ ಸೋಮಾರಿತನವೇ? ಜೈಲಿನ ಊಟವೇ? ಅಥವಾ ಬೇರೇನಾದರೂ ಇದೆಯೇ? ನೋಡೋಣ.

ಒಳಗೆ ಇರುವವರು ಯಾರು?

ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ ಪ್ರಕಟಿಸುವ ಕಾರಾಗೃಹ ಅಂಕಿಅಂಶಗಳ ಪ್ರಕಾರ 2022ರ ಕೊನೆಯಲ್ಲಿ ಭಾರತದ ಜೈಲುಗಳಲ್ಲಿ 5,73,220 ಮಂದಿ ಇದ್ದರು. ಆ ಜೈಲುಗಳ ಒಟ್ಟು ಸಾಮರ್ಥ್ಯ 4,36,266. ಅಂದರೆ 100 ಜನರ ಜಾಗದಲ್ಲಿ ಸರಾಸರಿ 131 ಜನ. ಇವರಲ್ಲಿ ನಾಲ್ಕರಲ್ಲಿ ಮೂರು ಪಾಲು ವಿಚಾರಣಾಧೀನ ಕೈದಿಗಳು. ನ್ಯಾಯಾಲಯ ಇನ್ನೂ ಅವರನ್ನು ತಪ್ಪಿತಸ್ಥರೆಂದು ಹೇಳಿಲ್ಲ.

ಇನ್ನೂ ಎರಡು ಸಂಗತಿಗಳು ಹಲ್ಲಿನ ದೃಷ್ಟಿಯಿಂದ ಮುಖ್ಯ. ಮೊದಲನೆಯದು, ಕೈದಿಗಳಲ್ಲಿ ಹೆಚ್ಚಿನವರು 50 ವರ್ಷ ದಾಟದವರು. ಈ ವಯಸ್ಸಿನಲ್ಲಿ ಹಲ್ಲು ಬೀಳುವುದನ್ನು ಮುಪ್ಪಿನ ಖಾತೆಗೆ ಹಾಕಲಾಗುವುದಿಲ್ಲ. ಎರಡನೆಯದು, ಸುಮಾರು ಮೂರರಲ್ಲಿ ಎರಡು ಪಾಲು ಜನ ಹತ್ತನೇ ತರಗತಿ ಮುಟ್ಟದವರು ಅಥವಾ ಓದುಬರಹ ತಿಳಿಯದವರು. ಬಡತನ ಇರುವಲ್ಲಿ ದಂತವೈದ್ಯರ ಬಳಿ ಹೋಗುವ ಅಭ್ಯಾಸ ಕಡಿಮೆ. ಹೋದರೂ ನೋವು ತಡೆಯಲಾರದೆ ಹೋಗುವುದೇ ಹೆಚ್ಚು.

ಹಾಗಾಗಿ ಜೈಲಿನ ಬಾಗಿಲು ದಾಟುವಾಗಲೇ ಬಹಳಷ್ಟು ಜನರ ಬಾಯಲ್ಲಿ ಹಳೆಯ ಸಮಸ್ಯೆಗಳಿರುತ್ತವೆ. ಹುಳುಕು ಹಲ್ಲು, ಹೊಗೆಸೊಪ್ಪಿನ ಕಲೆ, ರಕ್ತ ಸುರಿಸುವ ಒಸಡು, ಎಂದೋ ಮುರಿದು ಬೇರು ಉಳಿದಿರುವ ದವಡೆ ಹಲ್ಲು. 'ಜೈಲು ಹಲ್ಲು ಹಾಳುಮಾಡಿತು' ಎನ್ನುವುದು ಅರ್ಧ ನಿಜ. ಹಾಳಾಗಿದ್ದನ್ನು ಜೈಲು ಮುಂದುವರಿಸುತ್ತದೆ, ಸರಿಪಡಿಸುವ ಅವಕಾಶವನ್ನು ಕಡಿಮೆ ಮಾಡುತ್ತದೆ ಎನ್ನುವುದು ಪೂರ್ತಿ ನಿಜಕ್ಕೆ ಹತ್ತಿರ.

ಒಂದೇ ಅಂಕಿ, ಎರಡು ಕಥೆ

ದಂತವೈದ್ಯರು ಒಂದು ಸಮುದಾಯದ ಹಲ್ಲಿನ ಸ್ಥಿತಿ ಅಳೆಯಲು ಸರಳವಾದ ಲೆಕ್ಕವೊಂದನ್ನು ಬಳಸುತ್ತಾರೆ. ಒಬ್ಬರ ಬಾಯಲ್ಲಿ ಹುಳುಕಾಗಿರುವ ಹಲ್ಲೆಷ್ಟು, ಹುಳುಕಿನಿಂದ ಕಳೆದುಕೊಂಡದ್ದೆಷ್ಟು, ಚಿಕಿತ್ಸೆ ಮಾಡಿ ತುಂಬಿಸಿಕೊಂಡದ್ದೆಷ್ಟು ಎಂದು ಎಣಿಸಿ ಮೂರನ್ನೂ ಕೂಡುತ್ತಾರೆ.

ಇದರಲ್ಲಿ ಮೊತ್ತಕ್ಕಿಂತ ಪಾಲು ಮುಖ್ಯ. ಇಬ್ಬರಿಗೆ ಐದೈದು ಅಂಕ ಬಂದಿದೆ ಎಂದುಕೊಳ್ಳಿ. ಒಬ್ಬರ ಬಾಯಲ್ಲಿ ಐದೂ ಹಲ್ಲುಗಳನ್ನು ತುಂಬಿಸಲಾಗಿದೆ. ಅವರಿಗೆ ಹುಳುಕು ಬಂದಿತ್ತು, ಆದರೆ ಚಿಕಿತ್ಸೆ ಸಿಕ್ಕಿತು. ಇನ್ನೊಬ್ಬರಲ್ಲಿ ಮೂರು ಹುಳುಕಾಗಿ ನಿಂತಿವೆ, ಎರಡು ಕಿತ್ತುಹೋಗಿವೆ. ಅವರಿಗೆ ರೋಗ ಬಂತು, ವೈದ್ಯರು ಸಿಗಲಿಲ್ಲ. ಕೈದಿಗಳ ಅಧ್ಯಯನಗಳಲ್ಲಿ ಮತ್ತೆ ಮತ್ತೆ ಕಾಣುವುದು ಈ ಎರಡನೆಯ ಚಿತ್ರ. ಹುಳುಕಾದವು ಹೆಚ್ಚು, ತುಂಬಿಸಿದವು ತೀರ ಕಡಿಮೆ. ಕರ್ನಾಟಕದ ಕೇಂದ್ರ ಕಾರಾಗೃಹಗಳಲ್ಲಿದ್ದ ಜೀವಾವಧಿ ಕೈದಿಗಳ ಬಾಯಿ ಪರೀಕ್ಷಿಸಿ 2012ರಲ್ಲಿ ಪ್ರಕಟಿಸಿದ ಅಧ್ಯಯನವೂ ಅವರಲ್ಲಿ ಬಹುತೇಕರಿಗೆ ಹುಳುಕು ಹಲ್ಲು, ಒಸಡಿನ ತೊಂದರೆಗಳಿದ್ದುದನ್ನು ದಾಖಲಿಸಿದೆ.

ಅಂದರೆ ಕೈದಿಗಳ ಬಾಯಲ್ಲಿ ಕಾಣುವುದು ಸಕ್ಕರೆ, ಬ್ರಷ್‌ಗಳ ಕಥೆ ಮಾತ್ರ ಅಲ್ಲ, ಚಿಕಿತ್ಸೆ ಕೈಗೆಟುಕದ ಕಥೆಯೂ ಹೌದು.

ಮೂರು ವಾರ ಸಾಕು

ಹಲ್ಲುಜ್ಜದಿದ್ದರೆ ಏನಾಗುತ್ತದೆ ಎಂಬುದಕ್ಕೆ ಒಂದು ಹೆಸರಾಂತ ಪ್ರಯೋಗವಿದೆ. ಹೆರಾಲ್ಡ್ ಲೋ ಮತ್ತು ಅವರ ಸಹೋದ್ಯೋಗಿಗಳು ಡೆನ್ಮಾರ್ಕ್‌ನಲ್ಲಿ ನಡೆಸಿ 1965ರಲ್ಲಿ ಪ್ರಕಟಿಸಿದ್ದು. ಆರೋಗ್ಯವಾದ ಒಸಡಿದ್ದ 12 ಮಂದಿ ಹಲ್ಲುಜ್ಜುವುದನ್ನು ಪೂರ್ತಿ ನಿಲ್ಲಿಸಿದರು. 10ರಿಂದ 21 ದಿನಗಳೊಳಗೆ ಎಲ್ಲರ ಒಸಡೂ ಕೆಂಪಾಗಿ ಊದಿಕೊಂಡಿತು. ಮತ್ತೆ ಉಜ್ಜಲು ಶುರುಮಾಡಿದ ಮೇಲೆ ಸುಮಾರು ಒಂದು ವಾರದಲ್ಲಿ ಒಸಡು ಮೊದಲಿನಂತಾಯಿತು.

ಹಲ್ಲಿನ ಮೇಲೆ ಕೂರುವ ಪಾಚಿ ಜೀವಂತ ಬ್ಯಾಕ್ಟೀರಿಯಾಗಳ ಪದರ. ಅದನ್ನು ದಿನವೂ ಉಜ್ಜಿ ತೆಗೆಯದಿದ್ದರೆ ಒಸಡಿನ ಅಂಚಿನಲ್ಲಿ ಉರಿಯೂತ ಶುರುವಾಗುತ್ತದೆ. ಈ ಹಂತದಲ್ಲಿ ಬ್ರಷ್ ಸಾಕು, ಒಸಡು ಸರಿಹೋಗುತ್ತದೆ. ಬಿಟ್ಟರೆ ಪಾಚಿಯಲ್ಲಿ ಜೊಲ್ಲಿನ ಖನಿಜಗಳು ಸೇರಿ ಕಲ್ಲಿನಂತೆ ಗಟ್ಟಿಯಾಗುತ್ತದೆ, ಆಮೇಲೆ ಬ್ರಷ್‌ಗೆ ಜಗ್ಗುವುದಿಲ್ಲ. ಉರಿಯೂತ ಒಳಗಿಳಿದು ಹಲ್ಲು ಹಿಡಿದಿರುವ ಮೂಳೆಯನ್ನು ತಿನ್ನತೊಡಗಿದರೆ ಆ ಮೂಳೆ ತಾನಾಗಿ ಮತ್ತೆ ಬೆಳೆಯುವುದಿಲ್ಲ. ಹಲ್ಲು ಅಲುಗಾಡುತ್ತದೆ, ಕೊನೆಗೆ ಬೀಳುತ್ತದೆ.

ಈಗ ಬಂಧನದ ಮೊದಲ ದಿನಗಳನ್ನು ಯೋಚಿಸಿ. ಮನೆಯಿಂದ ಏನೂ ತರದೆ ಬಂದವರು, ಠಾಣೆ, ನ್ಯಾಯಾಲಯ, ಜೈಲು ಎಂದು ಓಡಾಟ, ತಲೆತುಂಬ ಚಿಂತೆ. ಬ್ರಷ್ ಕೈಗೆ ಬರಲು ಕೆಲವೊಮ್ಮೆ ದಿನಗಳು ಬೇಕು. ಕೆಲವೆಡೆ ಜೈಲೇ ಕೊಡುತ್ತದೆ, ಇನ್ನು ಕೆಲವೆಡೆ ಕ್ಯಾಂಟೀನಿನಲ್ಲಿ ಕೊಳ್ಳಬೇಕು ಅಥವಾ ಮನೆಯವರು ಭೇಟಿಗೆ ಬಂದಾಗ ತರಬೇಕು. ಭೇಟಿಗೆ ಯಾರೂ ಬಾರದವರು, ಖಾತೆಯಲ್ಲಿ ದುಡ್ಡಿಲ್ಲದವರು ಬೆರಳು, ಬೂದಿ, ಸಿಕ್ಕ ಪುಡಿ ನೆಚ್ಚಿಕೊಳ್ಳುತ್ತಾರೆ. ಆರೋಪಪಟ್ಟಿ ಸಲ್ಲಿಸಲು ಪೊಲೀಸರಿಗೆ ಕಾನೂನು ಪ್ರಕರಣಕ್ಕೆ ತಕ್ಕಂತೆ 60 ಅಥವಾ 90 ದಿನ ಕೊಡುತ್ತದೆ. ಒಸಡು ಊದಿಕೊಳ್ಳಲು ಅದರ ಅರ್ಧಭಾಗವೂ ಬೇಡ.

ಸಂಜೆ ಊಟ, ರಾತ್ರಿ ಬಿಸ್ಕತ್ತು

ಜೈಲಿನ ಊಟವೇ ಹಲ್ಲು ಕೆಡಿಸುತ್ತದೆ ಎಂದು ಹಲವರು ಭಾವಿಸುತ್ತಾರೆ. ಮುದ್ದೆ, ಅನ್ನ, ಸಾರು, ಚಪಾತಿ ಹಲ್ಲಿಗೆ ದೊಡ್ಡ ಶತ್ರುಗಳೇನಲ್ಲ. ತೊಂದರೆ ಇರುವುದು ದಿನಚರಿಯಲ್ಲಿ.

ನಾವು ಸಿಹಿ ತಿಂದಾಗಲೆಲ್ಲ ಪಾಚಿಯಲ್ಲಿರುವ ಬ್ಯಾಕ್ಟೀರಿಯಾ ಅದನ್ನು ಆಮ್ಲವಾಗಿ ಬದಲಿಸುತ್ತದೆ. ಹಲ್ಲಿನ ಮೇಲ್ಮೈಯ ಪಿಎಚ್ ಸುಮಾರು 5.5ಕ್ಕಿಂತ ಕೆಳಗಿಳಿದರೆ ಎನಾಮೆಲ್ ಎಂಬ ಹೊರಕವಚದ ಖನಿಜ ಕರಗತೊಡಗುತ್ತದೆ. ಅರ್ಧ ಗಂಟೆಯೋ ಒಂದು ಗಂಟೆಯೋ ಕಳೆದ ಮೇಲೆ ಜೊಲ್ಲು ಆಮ್ಲವನ್ನು ತಗ್ಗಿಸಿ ಖನಿಜವನ್ನು ಸ್ವಲ್ಪಮಟ್ಟಿಗೆ ಮರಳಿಸುತ್ತದೆ. ಆದ್ದರಿಂದ ಎಷ್ಟು ಸಿಹಿ ತಿಂದಿರಿ ಎನ್ನುವುದರ ಜೊತೆಗೆ ಎಷ್ಟು ಸಲ ತಿಂದಿರಿ ಎನ್ನುವುದೂ ಮುಖ್ಯ. ಒಮ್ಮೆ ಕೂತು ನಾಲ್ಕು ಮೈಸೂರು ಪಾಕ್ ತಿನ್ನುವುದಕ್ಕಿಂತ ದಿನವಿಡೀ ಒಂದೊಂದೇ ಬಿಸ್ಕತ್ತು ಸಿಹಿ ಟೀಯಲ್ಲಿ ಅದ್ದಿ ತಿನ್ನುವುದು ಹಲ್ಲಿಗೆ ಹೆಚ್ಚು ಅಪಾಯ.

ಭಾರತದ ಹಲವು ಜೈಲುಗಳಲ್ಲಿ ಕತ್ತಲಾಗುವ ಮೊದಲೇ ಊಟ ಮುಗಿಸಿ ಬ್ಯಾರಕ್‌ಗೆ ಬೀಗ ಹಾಕುತ್ತಾರೆ. ಅಲ್ಲಿಂದ ಬೆಳಗಿನವರೆಗೆ ದೀರ್ಘ ಅವಧಿ. ಮಧ್ಯೆ ಹಸಿವಾದರೆ ಕ್ಯಾಂಟೀನಿನಲ್ಲಿ ಕೊಂಡಿಟ್ಟ ಬಿಸ್ಕತ್ತು, ಬನ್ನು, ಮಿಕ್ಸ್ಚರ್. ಅದನ್ನು ತಿಂದ ಮೇಲೆ ಹಲ್ಲುಜ್ಜುವವರು ಕಡಿಮೆ. ಹೊರಗೂ ನಮ್ಮಲ್ಲಿ ಬೆಳಿಗ್ಗೆ ಎದ್ದೊಡನೆ ಉಜ್ಜುವ ರೂಢಿ ಗಟ್ಟಿಯಾಗಿದೆ, ರಾತ್ರಿ ಉಜ್ಜುವುದು ಅಷ್ಟಾಗಿ ಇಲ್ಲ. ನಿದ್ದೆಯಲ್ಲಿ ಜೊಲ್ಲು ಸುರಿಯುವುದು ತೀರ ಕಡಿಮೆಯಾಗುವುದರಿಂದ ಬಾಯಿಯ ಸ್ವಾಭಾವಿಕ ರಕ್ಷಣೆಯೂ ಆಗ ಇರುವುದಿಲ್ಲ. ಬೆಳಗಿನ ಒಂದೇ ನಲ್ಲಿಗೆ ನೂರು ಜನ ಸಾಲು ನಿಲ್ಲುವ ಕಡೆ ಎರಡು ನಿಮಿಷ ನಿಧಾನವಾಗಿ ಉಜ್ಜುವುದು ಎಷ್ಟು ಜನರಿಗೆ ಸಾಧ್ಯ?

ಮನೋರೋಗಕ್ಕೆ, ನಿದ್ದೆಗೆ ಕೊಡುವ ಕೆಲವು ಔಷಧಿಗಳು ಬಾಯಿ ಒಣಗಿಸುತ್ತವೆ. ಜೈಲಿನಲ್ಲಿ ಇಂಥ ಔಷಧಿ ಸೇವಿಸುವವರ ಪ್ರಮಾಣ ಹೊರಗಿಗಿಂತ ಹೆಚ್ಚು. ಜೊಲ್ಲು ಕಡಿಮೆಯಾದರೆ ಹುಳುಕು ವೇಗವಾಗಿ ಹಬ್ಬುತ್ತದೆ.

ಹೊಗೆಸೊಪ್ಪು, ಗುಟ್ಕಾ ಮತ್ತು ಬಿಗಿಯಾಗುವ ದವಡೆ

2016-17ರ ಜಾಗತಿಕ ವಯಸ್ಕರ ತಂಬಾಕು ಸಮೀಕ್ಷೆಯ ಪ್ರಕಾರ ಭಾರತದ ವಯಸ್ಕರಲ್ಲಿ ಶೇ 28.6 ಮಂದಿ ಯಾವುದಾದರೊಂದು ರೂಪದಲ್ಲಿ ತಂಬಾಕು ಬಳಸುತ್ತಾರೆ, ಗಂಡಸರಲ್ಲಿ ಇದು ಶೇ 42ರಷ್ಟು. ಜೈಲಿನಲ್ಲಿರುವವರಲ್ಲಿ ಬಹುತೇಕರು ಗಂಡಸರು. ಬೇಸರ, ಆತಂಕ, ಹಸಿವು ಮೂರೂ ಇರುವ ಜಾಗದಲ್ಲಿ ಬೀಡಿ, ಹೊಗೆಸೊಪ್ಪು ಜೊತೆಗಾರನಾಗುತ್ತವೆ. ಎಷ್ಟೋ ಜೈಲುಗಳಲ್ಲಿ ಅವು ದುಡ್ಡಿನಂತೆ ಚಲಾವಣೆಯಾಗುವುದೂ ಉಂಟು.

ತಂಬಾಕು ಒಸಡಿಗೆ ರಕ್ತದ ಹರಿವನ್ನು ಕುಗ್ಗಿಸುತ್ತದೆ. ಇದರಿಂದ ಒಂದು ಮೋಸವಾಗುತ್ತದೆ. ಬೀಡಿ ಸೇದುವವರ ಒಸಡು ಒಳಗೊಳಗೇ ಹಾಳಾಗುತ್ತಿದ್ದರೂ ಹೊರಗೆ ರಕ್ತ ಅಷ್ಟಾಗಿ ಕಾಣುವುದಿಲ್ಲ. 'ನನಗೇನೂ ರಕ್ತ ಬರ್ತಿಲ್ಲ' ಎಂದು ಸುಮ್ಮನಿರುವಷ್ಟರಲ್ಲಿ ಹಲ್ಲು ಅಲುಗಾಡಲು ಶುರುವಾಗಿರುತ್ತದೆ.

ಅಡಕೆಯದು ಇನ್ನೊಂದು ಕಥೆ. ತಂಬಾಕು ಇಲ್ಲದ ಅಡಕೆಯೂ ಕ್ಯಾನ್ಸರ್‌ಕಾರಕ ಎಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲೇ ವರ್ಗೀಕರಿಸಿದೆ. ಗುಟ್ಕಾ, ಅಡಕೆ ಸದಾ ಬಾಯಲ್ಲಿಟ್ಟುಕೊಳ್ಳುವವರಲ್ಲಿ ಕೆನ್ನೆಯ ಒಳಪದರ ಗಡುಸಾಗಿ ಬಾಯಿ ತೆರೆಯುವುದೇ ಕಷ್ಟವಾಗುವ ಕಾಯಿಲೆ ಬರುತ್ತದೆ. ಇದು ಕ್ಯಾನ್ಸರ್ ಕಡೆಗೆ ತಿರುಗಬಹುದು. ಮೂರು ಬೆರಳುಗಳನ್ನು ಒಂದರ ಮೇಲೊಂದಿಟ್ಟು ಬಾಯೊಳಗೆ ತೂರಿಸಲಾಗದಿದ್ದರೆ ವೈದ್ಯರಿಗೆ ತೋರಿಸಬೇಕು. ಅಷ್ಟು ಬಾಯಿ ತೆರೆಯಲಾಗದವರಿಗೆ ಹಿಂದಿನ ಹಲ್ಲು ಉಜ್ಜಲೂ ಆಗುವುದಿಲ್ಲ.

ಕರ್ನಾಟಕದಲ್ಲಿ ಗುಟ್ಕಾ ನಿಷೇಧವಾದದ್ದು 2013ರಲ್ಲಿ. ಅಂಗಡಿಯಲ್ಲಿ ಅಡಕೆ ಒಂದು ಪೊಟ್ಟಣ, ತಂಬಾಕು ಇನ್ನೊಂದು ಪೊಟ್ಟಣ ಎಂದು ಮಾರಾಟ ಮುಂದುವರಿದಿರುವುದು ಎಲ್ಲರಿಗೂ ಗೊತ್ತು. ಹಾಗಾಗಿ ಜೈಲಿಗೆ ಹೊಸದಾಗಿ ಬರುವವರ ಬಾಯಿಯನ್ನು ಒಮ್ಮೆ ದೀಪ ಹಾಕಿ ನೋಡುವುದು ದೊಡ್ಡ ಉಪಕಾರವಾಗಬಲ್ಲದು. ಎರಡು ವಾರ ಕಳೆದರೂ ಮಾಯದ ಹುಣ್ಣು, ಬಿಳಿ ಅಥವಾ ಕೆಂಪು ಮಚ್ಚೆ ಕಂಡರೆ ಮುಂದಿನ ಪರೀಕ್ಷೆಗೆ ಕಳಿಸಬಹುದು. ಹೊರಗಿದ್ದಾಗ ಎಂದೂ ವೈದ್ಯರ ಮುಂದೆ ಬಾಯಿ ತೆರೆಯದವರಿಗೆ ಇದೇ ಮೊದಲ ಪರೀಕ್ಷೆಯಾಗಿರಬಹುದು.

ಅಫೀಮು, ಹೆರಾಯಿನ್ ಚಟವಿದ್ದವರಲ್ಲಿ ಇನ್ನೊಂದು ವಿಚಿತ್ರ ನಡೆಯುತ್ತದೆ. ಅವು ನೋವು ಮುಚ್ಚಿಡುವ ವಸ್ತುಗಳು. ಜೈಲಿಗೆ ಬಂದು ಅವು ನಿಂತೊಡನೆ ವರ್ಷಗಳಿಂದ ಸುಮ್ಮನಿದ್ದ ಹಲ್ಲುಗಳು ಒಟ್ಟಿಗೇ ನೋಯತೊಡಗುತ್ತವೆ. ಸಿಬ್ಬಂದಿಗೆ ಇದು ನಾಟಕದಂತೆ ಕಾಣಬಹುದು, ಆದರೆ ನೋವು ನಿಜ.

ಬ್ರಷ್ ಎಂಬ ಆಯುಧ

ಹೊರಗೆ ಬ್ರಷ್ ಹತ್ತಿಪ್ಪತ್ತು ರೂಪಾಯಿಯ ವಸ್ತು. ಜೈಲಿನ ಭದ್ರತಾ ಸಿಬ್ಬಂದಿಗೆ ಅದು ಗಟ್ಟಿ ಪ್ಲಾಸ್ಟಿಕ್ಕಿನ ಕಡ್ಡಿ. ನೆಲಕ್ಕೆ ಉಜ್ಜಿ ಚೂಪು ಮಾಡಿದರೆ ಚುಚ್ಚುವ ಆಯುಧವಾಗುತ್ತದೆ. ಅಮೆರಿಕದ ಜೈಲುಗಳಲ್ಲಿ ಇಂಥ ಘಟನೆಗಳು ನಡೆದಿವೆ. ಅದಕ್ಕೇ ಅಲ್ಲಿ ಹಲವೆಡೆ ಹಿಡಿ ತೀರ ಮೋಟಾಗಿರುವ, ಬಳುಕುವ ಅಥವಾ ಬೆರಳಿಗೆ ತೊಡಿಸಿಕೊಳ್ಳುವ ಬ್ರಷ್‌ಗಳನ್ನು ಕೊಡುತ್ತಾರೆ. ಹಲ್ಲಿನ ಸಂದಿ ಶುಚಿ ಮಾಡುವ ಫ್ಲಾಸ್ ದಾರದ ವಿಷಯದಲ್ಲಂತೂ 1994ರಲ್ಲಿ ವೆಸ್ಟ್ ವರ್ಜೀನಿಯಾದ ಕೈದಿಯೊಬ್ಬ ಅದನ್ನೇ ಹೆಣೆದು ಹಗ್ಗ ಮಾಡಿ ಗೋಡೆ ಹಾರಿದ್ದ. ಇನ್ನೊಂದು ಕಡೆ, 2012ರಲ್ಲಿ ನ್ಯೂಯಾರ್ಕ್ ರಾಜ್ಯದ ಜೈಲೊಂದರ ಕೈದಿಗಳು ಫ್ಲಾಸ್ ಕೊಡದ ಕಾರಣ ಹಲ್ಲು ಹಾಳಾಗುತ್ತಿದೆ ಎಂದು ನ್ಯಾಯಾಲಯಕ್ಕೆ ಹೋಗಿದ್ದರು.

ಭದ್ರತೆಯ ಆತಂಕ ಸುಳ್ಳಲ್ಲ. ಆದರೆ ಬಳುಕುವ ಹಿಡಿಯ ಬ್ರಷ್, ಎಳೆದರೆ ತುಂಡಾಗುವ ಫ್ಲಾಸ್ ಕುಣಿಕೆಗಳು ಈಗಾಗಲೇ ಇವೆ. ಭದ್ರತೆ ಮತ್ತು ಶುಚಿ ಎರಡರಲ್ಲಿ ಒಂದನ್ನೇ ಆರಿಸಬೇಕಾಗಿಲ್ಲ.

ಬ್ರಷ್ ಹಂಚಿಕೊಳ್ಳುವುದು ಮಾತ್ರ ಎಂದೂ ಕೂಡದು. ರಕ್ತ ಸುರಿಸುವ ಒಸಡಿದ್ದವರ ಬ್ರಷ್‌ನಲ್ಲಿ ರಕ್ತದ ಅಂಶ ಉಳಿಯುತ್ತದೆ. ಹೆಪಟೈಟಿಸ್ ಬಿ ವೈರಸ್ ದೇಹದ ಹೊರಗೆ ಕನಿಷ್ಠ ಏಳು ದಿನ ಬದುಕಿರಬಲ್ಲದು. ರಕ್ತದಿಂದ ಹರಡುವ ಸೋಂಕುಗಳು ಹೊರಗಿಗಿಂತ ಹೆಚ್ಚಿರುವ ಜೈಲಿನಲ್ಲಿ ಪ್ರತಿಯೊಬ್ಬರಿಗೂ ಹೆಸರೋ ಸಂಖ್ಯೆಯೋ ಬರೆದ ಸ್ವಂತ ಬ್ರಷ್ ಇರುವುದು ಅತ್ಯಗತ್ಯ.

ಕೀಳುವುದೇ ಯಾಕೆ ಸುಲಭವಾಗುತ್ತದೆ?

ಹುಳುಕು ಹಲ್ಲಿನ ಒಳಗಿನ ನರಕ್ಕೆ ತಲುಪಿದಾಗ ಎರಡು ದಾರಿ ಇವೆ. ರೂಟ್ ಕೆನಾಲ್ ಮಾಡಿ ಹಲ್ಲು ಉಳಿಸಿಕೊಳ್ಳುವುದು, ಇಲ್ಲವೇ ಕೀಳಿಸುವುದು. ರೂಟ್ ಕೆನಾಲ್‌ಗೆ ಸಾಮಾನ್ಯವಾಗಿ ಎರಡು ಮೂರು ಬಾರಿ ಹೋಗಬೇಕು, ಮೇಲೆ ಕ್ಯಾಪ್ ಹಾಕಿಸಬೇಕು. ಪ್ರತಿ ಬಾರಿಯೂ ವಾಹನ, ಬೆಂಗಾವಲು ಪೊಲೀಸರು, ಆಸ್ಪತ್ರೆಯ ಸಮಯ ಮೂರೂ ಕೂಡಿಬರಬೇಕು. ಅದೇ ದಿನ ಬೇರೆ ಕೈದಿಗಳನ್ನು ನ್ಯಾಯಾಲಯಕ್ಕೆ ಕರೆದೊಯ್ಯಬೇಕಾದರೆ ಪೊಲೀಸರು ಅತ್ತ ಹೋಗುತ್ತಾರೆ, ಹಲ್ಲಿನ ಸರದಿ ಮುಂದಕ್ಕೆ ಹೋಗುತ್ತದೆ. ನಡುವೆ ಜಾಮೀನು ಸಿಗಬಹುದು, ಬೇರೆ ಜೈಲಿಗೆ ವರ್ಗವಾಗಬಹುದು. ಅರ್ಧಕ್ಕೆ ನಿಂತ ರೂಟ್ ಕೆನಾಲ್ ಕೆಲವೊಮ್ಮೆ ಹೊಸ ಸೋಂಕಿಗೆ ದಾರಿಯಾಗುತ್ತದೆ. ಹೀಗಾಗಿ ವೈದ್ಯರೂ ಕೈದಿಯೂ ಕೀಳುವುದನ್ನೇ ಆರಿಸುತ್ತಾರೆ. ಒಂದೇ ಸಲಕ್ಕೆ ಮುಗಿಯುತ್ತದೆ. ಆ ಹೊತ್ತಿಗೆ ಅದು ತಪ್ಪು ನಿರ್ಧಾರ ಅಲ್ಲ. ಆದರೆ ಹತ್ತು ವರ್ಷದ ಶಿಕ್ಷೆಯಲ್ಲಿ ಇದೇ ನಿರ್ಧಾರ ಆರು ಸಲ ಆದರೆ ಮನುಷ್ಯ ಅಗಿಯುವ ಹಲ್ಲುಗಳನ್ನೇ ಕಳೆದುಕೊಂಡು ಹೊರಬರುತ್ತಾನೆ.

ಸರದಿ ಬರುವವರೆಗೆ ನೋವಿನ ಮಾತ್ರೆ, ಆ್ಯಂಟಿಬಯಾಟಿಕ್. ನರದ ಉರಿಯೂತದಿಂದ ಬರುವ ಹಲ್ಲುನೋವಿಗೆ ಆ್ಯಂಟಿಬಯಾಟಿಕ್ ಮದ್ದಲ್ಲ. ಮುಖ ಊದಿಕೊಂಡು ಜ್ವರ ಬಂದು ಸೋಂಕು ಹರಡುತ್ತಿದ್ದರೆ ಅದು ಬೇಕು. ಆಗಲೂ ಸೋಂಕಿನ ಮೂಲವಾದ ಹಲ್ಲಿಗೆ ಚಿಕಿತ್ಸೆ ಆಗಲೇಬೇಕು.

ಜೈಲು ಸಿಬ್ಬಂದಿ ಗುರುತಿಸಲೇಬೇಕಾದ ಒಂದು ಸ್ಥಿತಿ ಇದೆ. ಕೆಳದವಡೆಯ ಹಲ್ಲಿನ ಸೋಂಕು ಗದ್ದದ ಕೆಳಗೆ ಎರಡೂ ಬದಿಗೆ ಹರಡಿದರೆ ನಾಲಿಗೆ ಮೇಲಕ್ಕೆ ದೂಡಿದಂತಾಗಿ ಉಸಿರಿನ ದಾರಿ ಮುಚ್ಚಬಹುದು. ಗದ್ದದಡಿ ಗಟ್ಟಿಯಾದ ಊತ, ಎಂಜಲು ನುಂಗಲಾಗದಿರುವುದು, ಬಾಯಿ ತೆರೆಯಲಾಗದಿರುವುದು, ಮಾತು ತೊದಲುವುದು, ಜ್ವರ ಕಂಡರೆ ಬೆಳಗಾಗುವವರೆಗೆ ಕಾಯುವಂತಿಲ್ಲ. ಇದರಿಂದ ಪ್ರಾಣ ಹೋಗಬಹುದು.

ನಂಬಿಕೆಗಳು ಬ್ಯಾರಕ್‌ನಲ್ಲೂ ಇರುತ್ತವೆ

ಹೊರಗೆ ಕೇಳುವ ತಪ್ಪು ನಂಬಿಕೆಗಳು ಒಳಗೂ ಹೋಗುತ್ತವೆ. ಅಲ್ಲಿ ಸರಿಪಡಿಸುವವರು ಕಡಿಮೆ.

'ಹಲ್ಲಿನೊಳಗೆ ಹುಳು ಇರುತ್ತದೆ.' ಹುಳುಕು ಎಂಬ ಪದವೇ ಹಾಗೆ ಅನ್ನಿಸುವಂತಿದೆ. ಹಲ್ಲು ಕೊರೆಯುವುದು ಬ್ಯಾಕ್ಟೀರಿಯಾ ಹುಟ್ಟಿಸುವ ಆಮ್ಲ. ಹೊಗೆ ಹಾಕಿ ಹುಳು ತೆಗೆಯುವುದು ಕೈಚಳಕ.

'ಮೇಲಿನ ಹಲ್ಲು ಕೀಳಿಸಿದರೆ ಕಣ್ಣು ಮಂಜಾಗುತ್ತದೆ.' ಹಲ್ಲಿನ ನರಕ್ಕೂ ದೃಷ್ಟಿಯ ನರಕ್ಕೂ ಸಂಬಂಧವಿಲ್ಲ. ಈ ಭಯದಿಂದ ಕೊಳೆತ ಬೇರನ್ನು ಬಾಯಲ್ಲೇ ಇಟ್ಟುಕೊಳ್ಳುವುದೇ ಅಪಾಯ.

'ಕ್ಲೀನಿಂಗ್ ಮಾಡಿಸಿದರೆ ಹಲ್ಲು ಸಡಿಲವಾಗುತ್ತದೆ.' ಗಟ್ಟಿಯಾದ ಪಾಚಿಯನ್ನು ತೆಗೆದ ಮೇಲೆ ಸಂದಿ ಕಾಣುತ್ತದೆ, ಹಲ್ಲು ಅಲುಗಾಡಿದಂತೆ ಅನ್ನಿಸುತ್ತದೆ. ಮೂಳೆ ಮೊದಲೇ ಸವೆದಿರುತ್ತದೆ. ಆ ಕಲ್ಲು ಅದನ್ನು ಮರೆಮಾಚಿರುತ್ತದೆ ಅಷ್ಟೆ.

'ಒಸಡಿನಲ್ಲಿ ರಕ್ತ ಬಂದರೆ ಉಜ್ಜಬಾರದು.' ಉಜ್ಜದೆ ಇರುವುದರಿಂದಲೇ ಸಾಮಾನ್ಯವಾಗಿ ರಕ್ತ ಬರುವುದು. ಮೃದುವಾದ ಬ್ರಷ್‌ನಿಂದ ನಿಧಾನವಾಗಿ ಉಜ್ಜುತ್ತ ಹೋದರೆ ಕಡಿಮೆಯಾಗುತ್ತದೆ. ಆಗದಿದ್ದರೆ ವೈದ್ಯರಿಗೆ ತೋರಿಸಬೇಕು.

'ಬೂದಿ, ಇದ್ದಿಲು, ಇಟ್ಟಿಗೆ ಪುಡಿ ಹಲ್ಲನ್ನು ಬೆಳ್ಳಗೆ ಮಾಡುತ್ತವೆ.' ಅವು ಎನಾಮೆಲ್ ಸವೆಸುತ್ತವೆ. ಕೊನೆಗೆ ಜುಮ್ಮೆನ್ನುವ ಹಳದಿ ಹಲ್ಲು ಉಳಿಯುತ್ತದೆ.

'ನೋಯುವ ಹಲ್ಲಿಗೆ ಹೊಗೆಸೊಪ್ಪು, ನಶ್ಯ ಒತ್ತಿದರೆ ಶಮನ.' ಸ್ವಲ್ಪ ಹೊತ್ತು ಮರಗಟ್ಟಿದಂತಾಗಬಹುದು, ಹುಳುಕು ಹಾಗೇ ಇರುತ್ತದೆ, ಜೊತೆಗೆ ಚಟ ಅಂಟುತ್ತದೆ. ಹಲ್ಲುಪುಡಿ, ಪೇಸ್ಟ್‌ಗಳಲ್ಲಿ ತಂಬಾಕು ಬಳಸುವುದನ್ನು ಭಾರತ ಸರ್ಕಾರ 1992ರಲ್ಲೇ ನಿಷೇಧಿಸಿದೆ.

'ನೋವು ತಾನಾಗಿ ನಿಂತಿತು, ವಾಸಿಯಾಯಿತು.' ಹೆಚ್ಚಾಗಿ ಇದರ ಅರ್ಥ ಹಲ್ಲಿನ ನರ ಸತ್ತಿದೆ ಎಂದು. ಸೋಂಕು ಬೇರಿನ ತುದಿಯಲ್ಲಿ ಸದ್ದಿಲ್ಲದೆ ಬೆಳೆಯುತ್ತಿರುತ್ತದೆ.

ಇನ್ನೊಂದು ತಪ್ಪು ತೀರ್ಮಾನ ನೋಡುವವರದು. ಕಂದು ಕಲೆಯ ಹಲ್ಲು ಕಂಡರೆ 'ಉಜ್ಜುವುದಿಲ್ಲ' ಎನ್ನುತ್ತೇವೆ. ಕೋಲಾರ, ಚಿಕ್ಕಬಳ್ಳಾಪುರ, ಪಾವಗಡದಂಥ ಕಡೆ ಬೋರ್‌ವೆಲ್ ನೀರಿನ ಅತಿ ಫ್ಲೋರೈಡ್‌ನಿಂದ ಬಾಲ್ಯದಲ್ಲೇ ಹಲ್ಲಿಗೆ ಕಲೆ ಬಂದಿರುತ್ತದೆ. ಎಷ್ಟು ಉಜ್ಜಿದರೂ ಅದು ಹೋಗುವುದಿಲ್ಲ.

ಕಾನೂನು ಏನು ಹೇಳುತ್ತದೆ?

'ಅಪರಾಧ ಮಾಡಿದವರಿಗೆ ಇಷ್ಟೆಲ್ಲ ಯಾಕೆ? ಹೊರಗಿನ ಬಡವರಿಗೇ ಸಿಗುವುದಿಲ್ಲ' ಎಂಬ ಪ್ರಶ್ನೆ ಸಹಜ. ಇದಕ್ಕೆ ಉತ್ತರ ಹೇಳುವಾಗ ಕರ್ನಾಟಕದ ಒಂದು ಪ್ರಕರಣ ನೆನೆಯಬೇಕು. ಬೆಂಗಳೂರು ಕೇಂದ್ರ ಕಾರಾಗೃಹದ ಕೈದಿ ರಾಮಮೂರ್ತಿ 1984ರಲ್ಲಿ ಜೈಲಿನ ಸ್ಥಿತಿಗತಿ ವಿವರಿಸಿ ಸುಪ್ರೀಂ ಕೋರ್ಟಿನ ಮುಖ್ಯ ನ್ಯಾಯಮೂರ್ತಿಗೆ ಪತ್ರ ಬರೆದರು. ಅದನ್ನು ಅರ್ಜಿಯಾಗಿ ಪರಿಗಣಿಸಿದ ನ್ಯಾಯಾಲಯ 1996ರ ಡಿಸೆಂಬರ್‌ನಲ್ಲಿ ತೀರ್ಪು ಕೊಟ್ಟಿತು. ದೇಶದ ಜೈಲುಗಳನ್ನು ಕಾಡುವ ಒಂಬತ್ತು ಮುಖ್ಯ ಸಮಸ್ಯೆಗಳನ್ನು ಅದು ಪಟ್ಟಿ ಮಾಡಿತು. ಜನದಟ್ಟಣೆ, ವಿಚಾರಣೆಯ ವಿಳಂಬದ ಜೊತೆಗೆ ಆರೋಗ್ಯ ಮತ್ತು ಶುಚಿತ್ವದ ಕಡೆಗಣನೆಯೂ ಅದರಲ್ಲಿತ್ತು.

ವಿಶ್ವಸಂಸ್ಥೆ 2015ರಲ್ಲಿ ಒಪ್ಪಿದ ನೆಲ್ಸನ್ ಮಂಡೇಲಾ ನಿಯಮಗಳು ಇನ್ನೂ ಸ್ಪಷ್ಟ. ಹೊರಗಿನ ಸಮುದಾಯಕ್ಕೆ ಸಿಗುವ ಮಟ್ಟದ ಆರೋಗ್ಯ ಸೇವೆ ಕೈದಿಗಳಿಗೂ ಉಚಿತವಾಗಿ ಸಿಗಬೇಕು ಎನ್ನುತ್ತದೆ 24ನೇ ನಿಯಮ. ಅರ್ಹ ದಂತವೈದ್ಯರ ಸೇವೆ ಪ್ರತಿ ಕೈದಿಗೂ ದೊರೆಯಬೇಕು ಎನ್ನುತ್ತದೆ 25ನೆಯದು. ಶುಚಿಗೆ ಬೇಕಾದ ನೀರು, ಸಾಮಗ್ರಿ ಒದಗಿಸಬೇಕು ಎನ್ನುವುದು 18ನೆಯದು.

ಹೊರಗಿನ ಬಡವರಿಗೂ ದಂತಚಿಕಿತ್ಸೆ ಸುಲಭವಲ್ಲ ಎನ್ನುವುದು ನಿಜ. ಆದರೆ ಒಂದು ವ್ಯತ್ಯಾಸವಿದೆ. ಹೊರಗಿರುವವರು ಸಾಲ ಮಾಡಿಯಾದರೂ, ಬಸ್ಸು ಹತ್ತಿಯಾದರೂ ತಾಲ್ಲೂಕು ಆಸ್ಪತ್ರೆಗೆ ಹೋಗಬಲ್ಲರು. ಒಳಗಿರುವವರ ಕಾಲು ಕಟ್ಟಿರುವುದು ಸರ್ಕಾರ. ಬಾಗಿಲಿನ ಬೀಗ ಯಾರ ಕೈಯಲ್ಲಿದೆಯೋ ಹೊಣೆಯೂ ಅವರದೇ. ನ್ಯಾಯಾಲಯ ವಿಧಿಸುವ ಶಿಕ್ಷೆ ಸ್ವಾತಂತ್ರ್ಯದ್ದು, ಹಲ್ಲಿನದ್ದಲ್ಲ. ವಿಚಾರಣಾಧೀನರಿಗಂತೂ ಯಾವ ಶಿಕ್ಷೆಯೂ ಆಗಿರುವುದಿಲ್ಲ.

ಕಡಿಮೆ ಖರ್ಚಿನಲ್ಲಿ ಏನು ಸಾಧ್ಯ?

ಪ್ರತಿ ಜೈಲಿನಲ್ಲೂ ದೊಡ್ಡ ದಂತ ಆಸ್ಪತ್ರೆ ಕಟ್ಟಬೇಕೆಂದೇನಿಲ್ಲ. ಬಂದ ದಿನವೇ ಮೃದುವಾದ ಬ್ರಷ್, ಫ್ಲೋರೈಡ್ ಇರುವ ಪೇಸ್ಟ್ ಕೊಡುವುದು ಮೊದಲ ಹೆಜ್ಜೆ. ಹಲವು ಹಲ್ಲುಪುಡಿಗಳಲ್ಲಿ ಫ್ಲೋರೈಡ್ ಇರುವುದಿಲ್ಲ, ಹಾಗಾಗಿ ಪೊಟ್ಟಣ ನೋಡಿ ಕೊಳ್ಳಬೇಕು. ಸಂಜೆ ಬೀಗ ಹಾಕಿದ ಮೇಲೂ ಬ್ಯಾರಕ್ ಒಳಗೆ ನೀರು ಸಿಗುವಂತಿದ್ದರೆ ಮಲಗುವ ಮುನ್ನ ಉಜ್ಜುವುದು ರೂಢಿಯಾದೀತು. ಉಜ್ಜಿದ ಮೇಲೆ ಉಗಿದು, ಹೆಚ್ಚು ನೀರು ಮುಕ್ಕಳಿಸದೆ ಬಿಟ್ಟರೆ ಫ್ಲೋರೈಡ್ ಹಲ್ಲಿನ ಮೇಲೆ ಉಳಿಯುತ್ತದೆ.

ಹುಳುಕಿಗೆ ಡ್ರಿಲ್ ಯಂತ್ರ ಇಲ್ಲದೆಯೂ ಚಿಕಿತ್ಸೆ ಸಾಧ್ಯ. 1980ರ ದಶಕದಲ್ಲಿ ಟಾಂಜಾನಿಯಾದಲ್ಲಿ ರೂಪುಗೊಂಡ ಒಂದು ವಿಧಾನದಲ್ಲಿ ಕೈ ಉಪಕರಣದಿಂದಲೇ ಕೊಳೆತ ಭಾಗ ಕೆರೆದು ಗ್ಲಾಸ್ ಅಯೊನೋಮರ್ ಎಂಬ ಸಿಮೆಂಟ್ ತುಂಬುತ್ತಾರೆ. ವಿದ್ಯುತ್ ಬೇಡ, ದಂತಕುರ್ಚಿ ಬೇಡ. ಚೂಪಾದ ಉಪಕರಣಗಳನ್ನು ಎಣಿಸಿ ಒಳಗೆ ತಂದು ಎಣಿಸಿ ಹೊರಗೆ ಒಯ್ದರಾಯಿತು. ಸಿಲ್ವರ್ ಡೈಅಮೀನ್ ಫ್ಲೋರೈಡ್ ಎಂಬ ದ್ರಾವಣವನ್ನು ಸವರಿದರೆ ಹುಳುಕು ಮುಂದುವರಿಯುವುದನ್ನು ತಡೆಯಬಹುದು. ಅದು ಹುಳುಕಾದ ಜಾಗವನ್ನು ಕಪ್ಪಗಾಗಿಸುವುದರಿಂದ ಮುಂಭಾಗದ ಹಲ್ಲಿಗೆ ಹಚ್ಚುವ ಮೊದಲು ಒಪ್ಪಿಗೆ ಕೇಳಬೇಕು. ಫ್ಲೋರೈಡ್ ಪೇಸ್ಟ್, ಈ ದ್ರಾವಣ, ಆ ಸಿಮೆಂಟ್ ಮೂರನ್ನೂ ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಅಗತ್ಯ ಔಷಧಿಗಳ ಪಟ್ಟಿಗೆ ಸೇರಿಸಿದೆ.

ಕರ್ನಾಟಕದಲ್ಲಿ 40ಕ್ಕೂ ಹೆಚ್ಚು ದಂತವೈದ್ಯ ಕಾಲೇಜುಗಳಿವೆ. ಅವುಗಳ ಸಮುದಾಯ ದಂತವೈದ್ಯ ವಿಭಾಗಗಳು ಶಾಲೆ, ಹಳ್ಳಿಗಳಲ್ಲಿ ಶಿಬಿರ ಮಾಡುತ್ತವೆ, ಜೈಲುಗಳಲ್ಲೂ ಕೆಲವೊಮ್ಮೆ ಮಾಡುತ್ತವೆ. ಒಂದು ದಿನದ ಶಿಬಿರದಲ್ಲಿ ಪಟ್ಟಿ ಸಿದ್ಧವಾಗುತ್ತದೆ, ಕೆಲವು ಹಲ್ಲು ಕೀಳಲಾಗುತ್ತದೆ. ಅದೇ ತಂಡ ತಿಂಗಳಿಗೊಮ್ಮೆ ಗೊತ್ತಾದ ದಿನ ಬಂದರೆ ಶುರುಮಾಡಿದ ಚಿಕಿತ್ಸೆ ಮುಗಿಯುತ್ತದೆ, ಬೆಂಗಾವಲಿಗೆ ಕಾಯುವುದೂ ತಪ್ಪುತ್ತದೆ. ಓದು ಬಲ್ಲ ಕೈದಿಗಳಿಗೇ ತರಬೇತಿ ಕೊಟ್ಟರೆ ಬ್ಯಾರಕ್‌ನಲ್ಲಿ ಉಜ್ಜುವ ಕ್ರಮ ಹೇಳಿಕೊಡಬಲ್ಲರು, ಅಪಾಯದ ಊತವನ್ನು ಗುರುತಿಸಬಲ್ಲರು.

ಮನೆಯವರು ಒಳಗಿದ್ದರೆ ಕುಟುಂಬದವರೂ ಸುಮ್ಮನಿರಬೇಕಿಲ್ಲ. ಮಧುಮೇಹ, ಹೃದಯದ ತೊಂದರೆ, ಅರ್ಧಕ್ಕೆ ನಿಂತ ಹಲ್ಲಿನ ಚಿಕಿತ್ಸೆ ಇದ್ದರೆ ಜೈಲಿನ ವೈದ್ಯಾಧಿಕಾರಿಗೆ ಬರಹದಲ್ಲಿ ತಿಳಿಸಬಹುದು. ಮಧುಮೇಹವಿದ್ದವರಲ್ಲಿ ಒಸಡಿನ ರೋಗ ಹೆಚ್ಚುತ್ತದೆ, ಒಸಡಿನ ರೋಗವಿದ್ದರೆ ಸಕ್ಕರೆ ಹತೋಟಿಗೆ ಬರುವುದು ಕಷ್ಟ. ಚಿಕಿತ್ಸೆ ತಡವಾಗುತ್ತಿದ್ದರೆ ವಕೀಲರ ಮೂಲಕ ನ್ಯಾಯಾಲಯದ ಗಮನಕ್ಕೆ ತರಬಹುದು. ವಕೀಲರಿಗೆ ದುಡ್ಡಿಲ್ಲದಿದ್ದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತ ನೆರವು ಸಿಗುತ್ತದೆ.

ಜೈಲಿಗೆ ಹೋದವರಲ್ಲಿ ಬಹುತೇಕರು ಒಂದಲ್ಲ ಒಂದು ದಿನ ಊರಿಗೆ ಮರಳುತ್ತಾರೆ. ಕೆಲಸ ಕೇಳಲು ನಿಂತಾಗ ಎದುರಿನವರು ಮೊದಲು ನೋಡುವುದು ಮುಖ, ಮಾತು, ನಗು. ಮುಂದಿನ ಎರಡು ಹಲ್ಲಿಲ್ಲದವರು ನಗುವಾಗ ಕೈ ಅಡ್ಡ ಹಿಡಿಯುವುದನ್ನು ನಾವೆಲ್ಲ ಕಂಡಿದ್ದೇವೆ. ಹತ್ತಿಪ್ಪತ್ತು ರೂಪಾಯಿಯ ಬ್ರಷ್ ಮತ್ತು ತಿಂಗಳಿಗೊಮ್ಮೆ ಬರುವ ದಂತವೈದ್ಯರು ಇದರಲ್ಲಿ ಬಹಳಷ್ಟನ್ನು ತಪ್ಪಿಸಬಲ್ಲರು.